ಟೇಪು ಕತ್ತರಿಸುವ ಮೊದಲು

ಗುಂಡಯ್ಯನಿಗೆ ಹನ್ನೊಂದು ತಿಂಗಳಿಂದ ಮೂತ್ರ ಇರಲಿಲ್ಲ. ಎರಡೂ ಕಿಡ್ನಿಗಳು ನಿಂತುಹೋಗಿದ್ದವು. ಕುಡಿದದ್ದೆಲ್ಲ ಮೈಯಲ್ಲೇ ಉಳಿದು ಮೊದಲು ಕಾಲು, ಆಮೇಲೆ ಮುಖ ಊದಿಕೊಳ್ಳುತ್ತಿತ್ತು. ಅವನ ಹೆಂಡತಿ ಮಲ್ಲಿಗಮ್ಮ ದಿನಕ್ಕೆ ಮೂರು ಲೋಟ ನೀರು ಕೊಡುತ್ತಿದ್ದಳು; ನಾಲ್ಕನೆಯದಕ್ಕೆ ಅವನು ಕೈಮುಗಿದರೂ ಕೊಡುತ್ತಿರಲಿಲ್ಲ. ವಾರಕ್ಕೆರಡು ಸಲ ಬಸ್ಸಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋಗಿ ಡಯಾಲಿಸಿಸ್ ಮಾಡಿಸಿ ತರುತ್ತಿದ್ದಳು. ವಾಪಸ್ಸು ಬರುವಾಗ ಅವನು ಕಿಟಕಿಯಾಚೆ ವಾಂತಿ ಮಾಡುತ್ತಿದ್ದ, ಹಿಂದಿನ ಸೀಟಿನವರು ಬೈಯುತ್ತಿದ್ದರು.

ಈ ಗುರುವಾರದಿಂದ ಹಾಸನ ಬೇಡವಾಗಿತ್ತು. ಚನ್ನರಾಯಪಟ್ಟಣದ ಧರ್ಮಾಸ್ಪತ್ರೆಗೆ ತೆಂಗಿನಕಾಯಿ ಮಂಡಿಯ ಈಶ್ವರಯ್ಯನವರು ನಾಲ್ಕು ಡಯಾಲಿಸಿಸ್ ಯಂತ್ರ ಕೊಟ್ಟಿದ್ದರು. ಗುಂಡಯ್ಯ ಮೂವತ್ತು ವರ್ಷ ಅವರ ಮಂಡಿಯಲ್ಲೇ ಕಾಯಿ ಸುಲಿದವನು. ಮೊದಲನೇ ರೋಗಿ ನಮ್ಮವನೇ ಆಗಲಿ ಎಂದು ಅವರೇ ಹೇಳಿಕಳಿಸಿದ್ದರು. ಉದ್ಘಾಟನೆ ಮಂಗಳವಾರವೆಂದು ಗೊತ್ತಾಗಿ, ಅದನ್ನು ನಂಬಿ ಮಲ್ಲಿಗಮ್ಮ ಹಾಸನದ ಸರದಿ ಬಿಟ್ಟುಕೊಟ್ಟಳು. ಆಮೇಲೆ ಮುಖ್ಯ ಅತಿಥಿಗಳಿಗೆ ಬಿಡುವಿಲ್ಲವೆಂದು ಅದು ಗುರುವಾರಕ್ಕೆ ಹೋಯಿತು. ಗುಂಡಯ್ಯನ ರಕ್ತ ಶನಿವಾರದಿಂದ ಶುದ್ಧಿಯಾಗದೆ ಹಾಗೇ ಇತ್ತು.

ಹನ್ನೊಂದು ಗಂಟೆಯಾದರೂ ಅತಿಥಿಗಳು ಬಂದಿರಲಿಲ್ಲ. ಹೊಸ ಕೋಣೆಯ ಬಾಗಿಲಿಗೆ ಅಡ್ಡಲಾಗಿ ಕೆಂಪು ಸ್ಯಾಟಿನ್ ಟೇಪು. ಗಾಜಿನಾಚೆ ನಾಲ್ಕು ಯಂತ್ರಗಳು ಸೇವಂತಿಗೆ ಹಾರ ಹಾಕಿಕೊಂಡು, ಹಣೆಗೆಂಬಂತೆ ಪರದೆಗೆ ಕುಂಕುಮ ಇಟ್ಟುಕೊಂಡು ಸಾಲಾಗಿ ನಿಂತಿದ್ದವು. ಮಲ್ಲಿಗಮ್ಮ ಗಂಡನನ್ನು ಹೊರಗಿನ ಕುರ್ಚಿಯಲ್ಲಿ ಕೂರಿಸಿ ಚೀಟಿ ಮಾಡಿಸಲು ಹೋದಳು. ಕೌಂಟರಿನಲ್ಲಿ ಅರ್ಧ ಗಂಟೆ ಹಿಡಿಯಿತು. ತಿರುಗಿ ಬಂದಾಗ ಗುಂಡಯ್ಯನ ಕಾಲ ಬಳಿ ಎಳನೀರಿನ ಎರಡು ಬುರುಡೆ ಬಿದ್ದಿದ್ದವು.

"ಏನಯ್ಯ ಇದು?"

"ಬುದ್ದಿಯೋರು ಅವ್ರ ಕೈಯಾರೆ ಕೊಟ್ರು ಕಣೆ."

"ಎಲ್ಡೂ ಕುಡುದ್ಯಾ?"

"ಒಂದು ಮುಗುಸ್ದೇಟ್ಗೆ ಇನ್ನೊಂದು ಕೆತ್ಸುದ್ರು. ಎಂಗೆ ಬ್ಯಾಡ ಅನ್ನನ?"

ಮಂಡಿಯವರ ಪದ್ಧತಿ ಅದು. ಲಾರಿಗೆ ಪೂಜೆಯಾಗಲಿ, ಮನೆಗೆ ಪಾಯ ತೆಗೆಯಲಿ, ಬಂದವರಿಗೆಲ್ಲ ಯಜಮಾನರೇ ಎಳನೀರು ಕೊಡಬೇಕು. ಆದರೆ ಸುಲಿಯುವವರ ಸರದಿಗೆ ಆಳುಗಳು ಕೊಡುತ್ತಿದ್ದರು. ಯಜಮಾನರ ಕೈ ಗುಂಡಯ್ಯನವರೆಗೆ ಬಂದದ್ದು ಇವತ್ತೇ ಮೊದಲು. ಮೂರು ಲೋಟದ ಬಾಯಾರಿಕೆ ಬೇರೆ.

ಮಲ್ಲಿಗಮ್ಮ ಬುರುಡೆಗಳನ್ನೇ ನೋಡಿದಳು. ಎಳನೀರಿನಲ್ಲಿರುವ ಪೊಟ್ಯಾಶಿಯಂ ಇಂಥವರ ಮೈಯಿಂದ ಹೊರಗೆ ಹೋಗುವುದಿಲ್ಲ, ಹೃದಯವನ್ನೇ ನಿಲ್ಲಿಸಿಬಿಡುತ್ತದೆ ಎಂದು ಹಾಸನದ ನರ್ಸು ಮೊದಲ ದಿನವೇ ಹೇಳಿದ್ದಳು. ಕಾಯಿಲೆಯವರನ್ನು ನೋಡಲು ಬರುವವರು ಎಳನೀರಲ್ಲದೆ ಬೇರೇನೂ ತರದ ಸೀಮೆ ಇದು. ಹನ್ನೊಂದು ತಿಂಗಳು ಅವಳು ನೆಂಟರನ್ನೆಲ್ಲ ಬಾಗಿಲಲ್ಲೇ ತಡೆದು, ಗೊನೆಗಟ್ಟಲೆ ವಾಪಸ್ಸು ಕಳಿಸಿ, ಜಂಬದವಳೆಂದು ಅನ್ನಿಸಿಕೊಂಡಿದ್ದಳು.

"ಯಾಕಮ್ಮ ಅಂಗ್ ನೋಡ್ತೀಯೆ?" ಈಶ್ವರಯ್ಯ ಹತ್ತಿರ ಬಂದರು. ಇಸ್ತ್ರಿ ಮಾಡಿದ ಪಂಚೆ, ಹಣೆಯಲ್ಲಿ ವಿಭೂತಿ. "ಎಳನೀರು ಅಮೃತ ಕಣಮ್ಮ."

"ಇವ್ರಿಗೆ ವಿಷ ಸಾವ್ಕಾರ್ರೆ."

ಈಶ್ವರಯ್ಯನವರ ತಂಗಿಯ ಮಗ ನಟರಾಜ ಮೈಕು ಸರಿಮಾಡುತ್ತಿದ್ದವನು ನಕ್ಕ. "ಕೇಳುದ್ರಾ ಮಾವ? ಮೂವತ್ತು ವರ್ಸ ಕಾಯಿ ಸುಲ್ದೋನ್ಗೆ ಕಾಯೇ ಆಗಕಿಲ್ವಂತೆ!"

ಇನ್ನೂ ಒಂದಿಬ್ಬರು ನಕ್ಕರು. ಗುಂಡಯ್ಯನೂ ನಗಲು ನೋಡಿದ. "ತುಟಿ ಜುಮುಜುಮು ಅಂತಾ ಅದೆ ಕಣೆ," ಎಂದ. ಎದ್ದು ನಿಲ್ಲಲು ಹೋದರೆ ಕಾಲು ಏಳಲಿಲ್ಲ. ಎರಡು ಕೈಯಿಂದ ತೊಡೆ ಎತ್ತಿದ. ತೊಡೆ ಬೇರೆ ಯಾರದೋ ಎನ್ನುವಂತೆ ಮತ್ತೆ ಬಿತ್ತು.

ಯಂತ್ರ ನಡೆಸಲು ಬಂದಿದ್ದ ನೇತ್ರಾ ಓಡಿಬಂದು ನಾಡಿ ಹಿಡಿದಳು. ಹಿಡಿದವಳು ಬಿಡದೆ ಡಾಕ್ಟರನ್ನು ಕೂಗಿದಳು. ಡಾಕ್ಟರ್ ಕೀರ್ತಿರಾಜ್ ಇಸಿಜಿ ತೆಗೆದು, ಕಾಗದ ಹರಿದುಕೊಂಡು ನೋಡಿದ್ದೇ, ಕೈಗೆ ನಿಧಾನವಾಗಿ ಇಂಜೆಕ್ಷನ್ ಕೊಡತೊಡಗಿದರು. "ಇದು ಅರ್ಧ ಗಂಟೆ ತಡೀಬಹುದು, ಅಷ್ಟೆ. ಈಗಲೇ ಮೆಷಿನ್‌ಗೆ ಹಾಕಬೇಕು."

"ಟೇಪ್ ಕಟ್ ಆಗಿಲ್ವಲ್ಲ ಸಾ," ನಟರಾಜ ಮೈಕು ಬಿಟ್ಟು ಬಂದ. ಈಗ ಅವನು ನಗುತ್ತಿರಲಿಲ್ಲ. "ಅತಿಥಿಗ್ಳು ಶಾಂತಿಗ್ರಾಮ ದಾಟವ್ರಂತೆ, ಇನ್ನೇನ್ ಬಂದ್ಬುಡ್ತಾರೆ. ಇಲ್ಲಾಂದ್ರೆ ಆಂಬುಲೆನ್ಸ್‌ನಾಗೆ ಹಾಸನಕ್ಕೇ ಕಳ್ಸುದ್ರೆ..."

"ಹಾಸನ ಮುಟ್ಟೋವಷ್ಟು ಟೈಮು ಇವರ ಹತ್ರ ಇಲ್ಲ."

ಎಲ್ಲರೂ ಈಶ್ವರಯ್ಯನವರ ಮುಖ ನೋಡಿದರು. ಅವರು ಬುರುಡೆಗಳನ್ನು ನೋಡುತ್ತಿದ್ದರು. ಆಮೇಲೆ ಬಾಗಿಲಿಗೆ ಹೋಗಿ, ಬೆಳ್ಳಿ ತಟ್ಟೆಯಲ್ಲಿದ್ದ ಕತ್ತರಿಯನ್ನು ಮರೆತು, ಟೇಪನ್ನು ಎರಡೂ ಕೈಯಿಂದ ಜಗ್ಗಿದರು. ಸ್ಯಾಟಿನ್ ಹರಿಯಲಿಲ್ಲ. ಅಂಟಿಸಿದ್ದ ಕಡೆ ಹೊಸ ಬಣ್ಣದ ಚಕ್ಕೆ ಸಮೇತ ಕಿತ್ತು ಬಂತು.

"ಏನ್ ನೋಡ್ತಾ ನಿಂತಿದ್ದೀಯ ನಟರಾಜ? ಎತ್ಕಳ್ಲಾ ಗುಂಡಯ್ಯನ್ನ!"

ಅತಿಥಿಗಳಿಗೆ ತೋರಿಸಲೆಂದು ನೇತ್ರಾ ಒಂದು ಯಂತ್ರಕ್ಕೆ ಕೊಳವೆಗಳನ್ನು ಜೋಡಿಸಿ ಸಿದ್ಧವಾಗಿಟ್ಟಿದ್ದಳು. ಅದರ ಹಾರ ಕಿತ್ತು ಮೂಲೆಗೆಸೆದಳು. ಪರದೆಯ ಕುಂಕುಮವನ್ನು ಸ್ಪಿರಿಟ್ಟಿನಲ್ಲಿ ಒರೆಸಿದಳು. ಗುಂಡಯ್ಯನ ಎಡತೋಳಿಗೆ ಎರಡು ಸೂಜಿ ಹೋದವು.

ಹಾಸನದಲ್ಲಿ ಮಲ್ಲಿಗಮ್ಮನನ್ನು ಮೆಟ್ಟಿಲ ಮೇಲೆ ಕೂರಿಸುತ್ತಿದ್ದರು. ಒಳಗೆ ಏನು ಮಾಡುತ್ತಾರೆಂದು ಅವಳು ಒಮ್ಮೆಯೂ ಕಂಡಿರಲಿಲ್ಲ. ಇಲ್ಲಿ ಗಲಾಟೆಯಲ್ಲಿ ಅವಳನ್ನು ಹೊರಗೆ ಕಳಿಸಲು ಯಾರಿಗೂ ನೆನಪಾಗಲಿಲ್ಲ. ಗಂಡನ ತೋಳಿನಿಂದ ರಕ್ತ ಹೊರಟಿತು. ಹನಿಹನಿಯಾಗಿ ಅಲ್ಲ, ಕಾಲುವೆಗೆ ನೀರು ಬಿಟ್ಟ ಹಾಗೆ. ತಿರುಗುವ ಸಣ್ಣ ಚಕ್ರವೊಂದು ಅದನ್ನು ಎಳೆದುಕೊಂಡು ಹೋಗಿ ಮೊಳದುದ್ದದ ಒಂದು ಬಿಳಿ ಕೊಳವೆಗೆ ನೂಕಿತು. ಕೊಳವೆಯ ಒಳಗೆ ಕೂದಲಿಗಿಂತ ಸಣ್ಣ ಸಾವಿರಾರು ಎಳೆಗಳು. ಅವು ಒಂದು ತುದಿಯಿಂದ ಕೆಂಪಾಗುತ್ತಾ ಬಂದವು. ನೋಡುತ್ತಿದ್ದಂತೆ ಬಿಳಿಯೆಲ್ಲ ಹೋಗಿ, ರಕ್ತ ಇನ್ನೊಂದು ತುದಿಯಿಂದ ಹೊರಟು, ಬಂದ ತೋಳಿಗೇ ಸೇರಿಕೊಂಡಿತು. ಒಂದು ಹನಿ ನೆಲಕ್ಕೆ ಬಿದ್ದಿರಲಿಲ್ಲ.

ಅವಳು ವಾಪಸ್ಸು ಬರುವ ಕೊಳವೆಯನ್ನು ಬೆರಳಿನಿಂದ ಮುಟ್ಟಿದಳು. ಬೆಚ್ಚಗಿತ್ತು. ಗಂಡನ ಮೈಯ ಬಿಸಿಯೇ ಅದು, ಮೈಯ ಹೊರಗೆ. ಅವಳ ಕತ್ತಿನ ಹಿಂದೆ ಕೂದಲು ನಿಮಿರಿತು.

"ಎಷ್ಟು ಸಲ ಸುತ್ತತದಮ್ಮ ಇದು?" ಈಶ್ವರಯ್ಯನವರ ದನಿ. ಅವರು ಯಾವಾಗಲೋ ಚಪ್ಪಲಿ ಹೊರಗೆ ಬಿಟ್ಟು ಬಂದು ಗುಂಡಯ್ಯನ ಕಾಲ ಕಡೆ ನಿಂತಿದ್ದರು.

"ನಾಲ್ಕು ಗಂಟೆ ಸರ್. ಮೈಯಲ್ಲಿರೋ ರಕ್ತ ಅಷ್ಟೂ ಹತ್ತು ಹನ್ನೆರಡು ಸಲ ಇದರೊಳಗೆ ಹೋಗಿ ಬರ್ತದೆ," ಎಂದಳು ನೇತ್ರಾ.

"ಅಷ್ಟೂನಾ?"

"ಅಷ್ಟೂ."

ಈಶ್ವರಯ್ಯ ಉಸಿರು ಬಿಟ್ಟರು. "ಪಟದಾಗೆ ಫ್ರಿಜ್ಜು ಇದ್ದಂಗಿತ್ತು ಕಣಮ್ಮ. ನಾಲ್ಕು ಕಳ್ಸಿ ಅಂದ್ಬುಟ್ಟೆ. ಇದು ಇಂಗೆ ಅಂತ..." ಆಮೇಲೆ ಮಲ್ಲಿಗಮ್ಮನ ಕಡೆ ನೋಡದೆ ಹೇಳಿದರು: "ಎಳನೀರು ಆಗಕಿಲ್ಲ ಅಂತ ನಂಗೊತ್ತಿರ್ಲಿಲ್ಲ."

"ಕೇಳಬೌದಿತ್ತು ಸಾವ್ಕಾರ್ರೆ."

"ಕೇಳಬೌದಿತ್ತು," ಎಂದರು.

ಗುಂಡಯ್ಯ ಕಣ್ಣು ಬಿಟ್ಟ. ತಾನು ಮಲಗಿರುವುದೂ ಯಜಮಾನರು ನಿಂತಿರುವುದೂ ಅವನಿಗೆ ಕಂಡಿತು. ಏಳಲು ನೋಡಿದ, ನೇತ್ರಾ ಭುಜ ಒತ್ತಿ ಹಿಡಿದಳು. "ಬುದ್ದಿ, ಕುತ್ಕಳಿ," ಎಂದ. ಈಶ್ವರಯ್ಯ ಪ್ಲಾಸ್ಟಿಕ್ ಸ್ಟೂಲು ಎಳೆದುಕೊಂಡು ಅವನ ಪಕ್ಕದಲ್ಲೇ ಕೂತರು.

ಡಾಕ್ಟರ್ ಮತ್ತೊಮ್ಮೆ ಇಸಿಜಿ ತೆಗೆದು, ಹಳೆಯದರ ಪಕ್ಕದಲ್ಲಿ ಹಿಡಿದು ಮಲ್ಲಿಗಮ್ಮನಿಗೆ ತೋರಿಸಿದರು. ಮೊದಲನೆಯದರಲ್ಲಿ ಗೆರೆ ಗುಡಾರಗಳ ಹಾಗೆ ಎದ್ದಿತ್ತು. ಎರಡನೆಯದರಲ್ಲಿ ತಗ್ಗಿತ್ತು. ಅವಳಿಗೆ ಓದು ಬರುತ್ತಿರಲಿಲ್ಲ, ಇದನ್ನು ಓದಿದಳು.

ಹೊರಗೆ ಕಾರುಗಳ ಸದ್ದಾಯಿತು. ನಟರಾಜ ಬಾಗಿಲಲ್ಲಿ ಇಣುಕಿದ. "ಮಾವ, ಬಂದ್ಬುಟ್ರು. ಅವ್ರಿಗೆ ಏನ್ ಏಳನ?"

"ಇನ್ನ ಮೂರು ಅವೆ. ಅವುಕ್ಕೆ ಟೇಪು ಕಟ್ಕಂಡು ಕತ್ತರಸ್ಲಿ ಓಗ್ಲಾ."

ಮಲ್ಲಿಗಮ್ಮ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು. ಅತಿಥಿಗಳು ಬಂದು ಗಾಜಿನಾಚೆಯಿಂದ ಫೋಟೋ ತೆಗೆಸಿಕೊಂಡು, ಊಟ ಮಾಡಿ ಹೋದರು. ಈಶ್ವರಯ್ಯ ಊಟಕ್ಕೂ ಏಳಲಿಲ್ಲ.

ಮೂರೂವರೆ ದಾಟಿದ ಮೇಲೆ ನೇತ್ರಾ ಕೊಳವೆಯಲ್ಲಿದ್ದ ಕೊನೆಯ ರಕ್ತವನ್ನೂ ತೋಳಿಗೆ ಹಿಂತಿರುಗಿಸಿ ಸೂಜಿ ತೆಗೆದಳು. ಮಲ್ಲಿಗಮ್ಮ ಹತ್ತಿಯನ್ನು ಒತ್ತಿ ಹಿಡಿದು ಕೂತಳು. ಆಮೇಲೆ ಗುಂಡಯ್ಯ ಯಾರ ಕೈಯೂ ಹಿಡಿಯದೆ ಇಳಿದು, ನಾಲ್ಕು ಹೆಜ್ಜೆ ನಡೆದು ತೂಕದ ಯಂತ್ರದ ಮೇಲೆ ನಿಂತ. ಬೆಳಿಗ್ಗೆ ಐವತ್ತೆಂಟು ಕಿಲೋ ಇದ್ದ. ಈಗ ಐವತ್ತೈದು ಕಿಲೋ ಇನ್ನೂರು ಗ್ರಾಂ. ಮೈಯಿಂದ ಕಳೆದ ನೀರು ಎರಡು ಕಿಲೋ ಎಂಟುನೂರು ಗ್ರಾಂ.