ಕರೆದ ಕೈ

ಕಡಲು ಹಿಂದೆ ಸರಿದಾಗ ಮೈಲುಗಟ್ಟಲೆ ಕೆಸರು ಬಯಲಾಗುವ ಊರು ಅದು, ಕೊರಿಯಾದ ಪಡುವಣ ಕರಾವಳಿಯಲ್ಲಿ. ದೊಕ್‌ಸುನ್ ಮೂವತ್ತು ವರ್ಷ ಅಲ್ಲಿ ಕಪ್ಪೆಚಿಪ್ಪು ಆರಿಸಿದವಳು. ಪರದೇಶದ ಪ್ರವಾಸಿಗರು ಬರತೊಡಗಿದ ಮೇಲೆ ಅವರನ್ನು ಕೆಸರಿಗೆ ಕರೆದೊಯ್ದು ತೋರಿಸುವ ಕೆಲಸವೂ ಅವಳದೇ ಆಯಿತು. ಉಬ್ಬರ ಇಳಿತದ ಹೊತ್ತು ಬಾಯಿಪಾಠ. ನಾಲ್ಕು ಮಾತು ಇಂಗ್ಲಿಷೂ ಬರುತ್ತಿತ್ತು.

ಹೋದ ವರ್ಷ ವಯಸ್ಸಾದ ಗಂಡ ಹೆಂಡತಿ ಬಂದರು. "ನೀರು ಬೇಗ ಏರುತ್ತೆ. ನಾನು ಕರೆದ ಕೂಡಲೇ ಬಂದುಬಿಡಿ" ಎಂದಳು. ಆತ ನಗುತ್ತಾ ತಲೆಯಾಡಿಸಿದ.

ನೀರು ತಿರುಗಿದಾಗ ಹೆಂಡತಿ ಪಕ್ಕದಲ್ಲೇ ಇದ್ದಳು. ಆತ ಮಾತ್ರ ದೂರದಲ್ಲಿ ಹಕ್ಕಿಗಳ ಫೋಟೊ ತೆಗೆಯುತ್ತಿದ್ದ. ಗಾಳಿಗೆ ಕೂಗು ಕೇಳಿಸಲಿಲ್ಲ. ದೊಕ್‌ಸುನ್ ಅಂಗೈ ಕೆಳಮುಖ ಮಾಡಿ ಬೆರಳು ಬೀಸಿ ಬೀಸಿ ಕರೆದಳು, ಊರವರು ಒಬ್ಬರನ್ನೊಬ್ಬರು ಕರೆಯುವ ಹಾಗೆ. ಆತ ನೋಡಿದ. ಸರಿ ಎಂಬಂತೆ ಕೈಯೆತ್ತಿದ. ಇನ್ನಷ್ಟು ದೂರ ನಡೆದ.

ದೊಕ್‌ಸುನ್‌ಳ ಗಂಡ ಗಿಲ್‌ಸು ದೋಣಿ ಹಾಕಿಕೊಂಡು ಹೋದ. ತಂದದ್ದು ಶವವನ್ನು.

ಊರು ಬಿಡುವ ದಿನ ಆ ಹೆಂಗಸು ದುಭಾಷಿಯ ಮೂಲಕ ಒಂದೇ ಮಾತು ಕೇಳಿದಳು: "ಇನ್ನೂ ದೂರ ಹೋಗಿ ಅಂತ ಅವರಿಗೆ ಯಾಕೆ ಹೇಳಿದಿರಿ?"

ಅವತ್ತಿನಿಂದ ದೊಕ್‌ಸುನ್ ಕೆಸರಿಗೆ ಇಳಿಯಲಿಲ್ಲ. ಊಟವೂ ಅಷ್ಟಕ್ಕಷ್ಟೆ.

ಚಳಿಗಾಲದಲ್ಲಿ ಹೇರಾನ್ ಮನೆಗೆ ಬಂದಳು. ಪ್ರವಾಸಿ ಮಾರ್ಗದರ್ಶಿಗಳಾಗುವವರಿಗೆ ಪಾಠ ಹೇಳುವವಳು, ದೊಕ್‌ಸುನ್‌ಳನ್ನು ತರಬೇತಿಗೆ ಕರೆಯಲು ಬಂದಿದ್ದಳು.

"ಏನು ಟೀಚರಮ್ಮ, ಕೆಸರಲ್ಲೇ ಬೆಳೆದವಳನ್ನ ಬೆಂಚಿನ ಮೇಲೆ ಕೂರಿಸಿ ಕೆಸರು ಕಲಿಸ್ತೀಯಾ?" ಗಿಲ್‌ಸು ಬಲೆ ಹೊಲಿಯುತ್ತಲೇ ಮೂದಲಿಸಿದ.

"ಕೆಸರಲ್ಲ ಭಾವ. ಮನುಷ್ಯರನ್ನ."

"ಆತ ತಲೆಯಾಡಿಸಿದ್ದನಲ್ಲ! ಇವಳದೇನು ತಪ್ಪು?"

"ತಲೆಯಾಡಿಸಿದ್ರೆ ಅರ್ಥ ಆಯ್ತು ಅಂತಲ್ಲ. ಕೆಲವರು ಮರ್ಯಾದೆಗೆ ಆಡಿಸ್ತಾರೆ, ಕೆಲವರು ಇನ್ನೊಂದು ಸಲ ಕೇಳೋಕೆ ನಾಚಿಕೊಂಡು." ಹೇರಾನ್ ದೊಕ್‌ಸುನ್ ಕಡೆ ತಿರುಗಿದಳು. "ಅಕ್ಕಾ, ನೀನು ಬೀಸಿದ ಹಾಗೆ ಕೈ ಬೀಸಿದ್ರೆ ಅವರ ದೇಶದಲ್ಲಿ 'ಆಚೆ ಹೋಗು' ಅಂತ."

ದೊಕ್‌ಸುನ್ ತನ್ನ ಅಂಗೈ ತಿರುಗಿಸಿ ನೋಡಿಕೊಂಡಳು. "ನಾನು ಕರೆದೆ ಕಣೇ," ಎಂದಳು.

"ಕರೆದೆ ಅಕ್ಕಾ, ನಂಗೊತ್ತು. ಇದನ್ನ ನಾವು ನಿಂಗೆ ಮೊದಲೇ ಹೇಳಿಕೊಡಬೇಕಿತ್ತು. ಕೊಡಲಿಲ್ಲ."

ಗಿಲ್‌ಸು ಬಲೆ ಕೆಳಗಿಟ್ಟ. "ದೋಣಿಯವರೂ ಬಂದು ಕೂರಬಹುದಾ?" ಎಂದು ಕೇಳಿದ.

ತರಬೇತಿ ಮುಗಿಸಿ ವಸಂತದಲ್ಲಿ ದೊಕ್‌ಸುನ್ ಆರು ಪ್ರವಾಸಿಗರೊಂದಿಗೆ ದಡದಲ್ಲಿ ನಿಂತಳು. ಎರಡೂ ತೋಳು ಮೇಲೆತ್ತಿದರೆ ವಾಪಸ್ ಬರಬೇಕು ಎಂದು ಮಾಡಿ ತೋರಿಸಿದಳು, ಎಲ್ಲರಿಂದಲೂ ಮಾಡಿಸಿದಳು. ಒಬ್ಬ ಹುಡುಗಿ ಹೂಂ ಹೂಂ ಎಂದು ನಕ್ಕಳು. ದೊಕ್‌ಸುನ್ ಕದಲಲಿಲ್ಲ.

"ನಾನೇನು ಹೇಳಿದೆ? ನೀವೇ ಹೇಳಿ ನೋಡೋಣ."

ಹುಡುಗಿಯ ಮುಖ ಕೆಂಪಾಯಿತು. ಅವಳಿಗೆ ಏನೂ ತಿಳಿದಿರಲಿಲ್ಲ. ದೊಕ್‌ಸುನ್ ಮೊದಲಿನಿಂದ ಮತ್ತೆ ಹೇಳಿದಳು. ಹೋದವನು ಇದರಿಂದ ಬರುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಬೆಟ್ಟ ಹತ್ತಿಸುವವರೇ, ದೋಣಿ ನಡೆಸುವವರೇ, ಕಾಡು ತೋರಿಸುವವರೇ, ನಿಮಗೆ ದಾರಿ ಗೊತ್ತಿದೆ. ಬಂದವರಿಗೆ ನಿಮ್ಮ ಮಾತು ತಲುಪಿದೆಯೇ? ಹೊರಡುವ ಮೊದಲೇ ಸನ್ನೆ ಗೊತ್ತುಮಾಡಿಕೊಳ್ಳಿ. ಹೇಳಿದ್ದನ್ನು ಅವರ ಬಾಯಿಂದಲೇ ಕೇಳಿ. ನಿಮ್ಮೂರಲ್ಲಿ ತರಬೇತಿ ನಡೆದರೆ ಹೋಗಿ ಕೂರಿ. ನಿಮ್ಮನ್ನು ನಂಬಿ ಬಂದವರು ಮನೆಗೆ ಮರಳಲಿ.