ಕಾಲೋನಿಯ ಹಿರಿಯ

"ವಯಸ್ಸಾದ ಗಂಡಸರು ಮೊದಲು ಬನ್ನಿ" ಎಂದು ಡಾಕ್ಟರ್ ಗಿರಿಜಾಂಬಿಕಾ ಮತ್ತೊಮ್ಮೆ ಕರೆದರು. ದಬ್ಬೇಘಟ್ಟದಾಚೆಯ ಕಾಲೋನಿಯ ಸಮುದಾಯ ಭವನದಲ್ಲಿ ಆರೋಗ್ಯ ತಪಾಸಣೆ ನಡೆದಿತ್ತು. ಯಾರೂ ಏಳಲಿಲ್ಲ. ನಾಚಿಕೆಯಿರಬೇಕೆಂದು ಅವರು ನಕ್ಕರು. ಗೋಡೆಗೊರಗಿ ಕೂತಿದ್ದ ಮುದುಕಿಯರು ನಗಲಿಲ್ಲ. ಒಬ್ಬೊಬ್ಬರಾಗಿ ಕತ್ತು ತಿರುಗಿಸಿ ಭೀಮರಾಜುವನ್ನು ನೋಡಿದರು.

ಭೀಮರಾಜು ಹಿಂದೆ ತಿರುಗಿ ನೋಡಿದ. ಅಲ್ಲಿದ್ದವರದೆಲ್ಲ ಕಪ್ಪು ತಲೆ. ಅವನಿಗೆ ಐವತ್ತೆರಡು. ಅಪ್ಪ, ಚಿಕ್ಕಪ್ಪ, ಅಣ್ಣ ಬಾಲರಾಜು, ಜೊತೆಯಲ್ಲಿ ತೆಂಗಿನಕಾಯಿ ಸುಲಿಯುತ್ತಿದ್ದ ವಾರಿಗೆಯವರು ಎಲ್ಲರೂ ಮಣ್ಣು ಸೇರಿದ್ದರು. ಒಂದೊಂದು ಸಾವಿಗೂ ಹೆಗಲು ಕೊಟ್ಟಿದ್ದನೇ ಹೊರತು ಕೂಡಿಸಿ ನೋಡಿರಲಿಲ್ಲ. ಕೇರಿಯ ಗಂಡಸರಲ್ಲಿ ತಾನೇ ಮುದುಕನೆಂದು ಹೊಳೆದಾಗ ಎದ್ದು ಡಾಕ್ಟರ ಮೇಜಿನತ್ತ ನಡೆದ.

ಡಾಕ್ಟರ್ ಬಿ.ಪಿ. ನೋಡುತ್ತ ಬೀಡಿ, ಕುಡಿತದ ಬಗ್ಗೆ ಕೇಳಿದರು. ತನಗೆ ಎರಡೂ ಇಲ್ಲ, ತನಗಿಂತ ಹಿರಿಯ ಗಂಡಸರು ಕಾಲೋನಿಯಲ್ಲಿ ಯಾರೂ ಉಳಿದಿಲ್ಲ ಎಂದ. ತೀರಿಹೋದವರಿಗೆ ಇತ್ತೇ ಎಂದಾಗ ಇತ್ತೆಂದ. ಅದಕ್ಕೇ ಎನ್ನುವಂತೆ ಅವರು ತಲೆಯಾಡಿಸಿದರು.

"ನಮ್ ಕೊಬ್ಬರಿ ಮಂಡಿ ಮಲ್ಲಿಕಾರ್ಜುನಯ್ಯನೋರೂ ಸೇದ್ತಾರೆ ಮೇಡಂ, ಕುಡೀತಾರೆ. ಎಂಬತ್ತು ದಾಟೈತೆ" ಎಂದ ಭೀಮರಾಜು ಮೆಲ್ಲಗೆ. "ಅವ್ರಿಗೆ ಎದೆನೋವು ಬಂದಾಗ ಕಾರಲ್ಲಿ ಬೆಂಗ್ಳೂರಿಗೆ ಹೋದ್ರು. ನಮ್ಮಣ್ಣ ಎದೆ ಹಿಡ್ಕಂಡೇ ಸಂಜೆಗಂಟ ಕಾಯಿ ಸುಲಿದ. ಬೆಳಗಾಗೋ ಹೊತ್ಗೆ ಇರ್ಲಿಲ್ಲ."

ಡಾಕ್ಟರ್ ಬಿ.ಪಿ.ಯನ್ನು ಇನ್ನೊಮ್ಮೆ ನೋಡಿ, ನಾಳೆಯೇ ತುರುವೇಕೆರೆ ಆಸ್ಪತ್ರೆಗೆ ಹೋಗಿ ಇ.ಸಿ.ಜಿ. ಮಾಡಿಸಬೇಕು, ತಡಮಾಡಬಾರದು ಎಂದರು.

ಮನೆಗೆ ನಡೆಯುವಾಗ ಜಗಲಿಗಳ ಮೇಲೆ ಗಂಡ ಸತ್ತ ಹೆಂಗಸರೇ ಕೂತಿದ್ದರು. ಅವನು ಹಾದಂತೆ ಒಂದೊಂದು ಜಗಲಿಯಲ್ಲೂ ಮಾತು ನಿಂತಿತು. ಬಾಗಿಲಲ್ಲಿ ಕಾಯುತ್ತಿದ್ದ ಅವ್ವ ಸಿದ್ದಕ್ಕನಿಗೆ, ನಾಳೆ ಮಂಡಿಯಲ್ಲಿ ಕೆಲಸವಿದೆ, ಆಸ್ಪತ್ರೆಗೆ ಮುಂದಿನ ವಾರ ಹೋಗುತ್ತೇನೆ ಎಂದ. ಅವಳು ಕೈಯೆತ್ತಿ ಅವನ ನರೆತ ಮೀಸೆಯನ್ನು, ಎಂದೂ ಕಾಣದ್ದನ್ನು ಮುಟ್ಟುವಂತೆ, ಬೆರಳ ತುದಿಯಿಂದ ಮುಟ್ಟಿದಳು.

"ನಿಮ್ಮಪ್ಪನ್ ಮೀಸೆ ಬೆಳ್ಳಗಾಗಿದ್ನ ನಾ ಕಾಣ್ಲಿಲ್ಲ ಕಣಪ್ಪ. ನಾಳೀಕೇ ಹೋಗು."

ಬೆಳಿಗ್ಗೆ ಅವನು ರಸ್ತೆಗೆ ಬಂದಾಗ ತೆಂಗಿನ ತೋಟಗಳಲ್ಲಿ ಮಂಜು ಕವಿದಿತ್ತು. ಮರಗಳ ನಡುವಿನಿಂದ ಹೆಂಗಸರು ಬಂದರು. ಅಣ್ಣನ ಹೆಂಡತಿ ಮಂಜಮ್ಮ, ಚಿಕ್ಕವ್ವ, ಆಮೇಲೆ ಕಾಲೋನಿಯ ಉಳಿದವರು. ಯಾರೂ ಕರೆದಿರಲಿಲ್ಲ. ತುಂಬಿ ಬಂದ ಬಸ್ಸಿನ ಡ್ರೈವರ್ ಜಾಗವಿಲ್ಲವೆಂದು ದೂರದಿಂದಲೇ ಕೈಯಾಡಿಸಿದ. ಹೆಂಗಸರು ರಸ್ತೆಗಿಳಿದು ಈ ಅಂಚಿನಿಂದ ಆ ಅಂಚಿಗೆ ಅಡ್ಡ ನಿಂತರು. ಬಸ್ಸು ನಿಂತಿತು.

ಭೀಮರಾಜು ಹತ್ತಿದ. ಬಸ್ಸಿಗೆ ದಾರಿ ಬಿಟ್ಟ ಹೆಂಗಸರು, ಅದು ಮುಂದೆ ಹೋದಮೇಲೆ ಮತ್ತೆ ರಸ್ತೆಗೆ ಬಂದರು. ಹಿಂದಿನ ಗಾಜಿನಲ್ಲಿ, ಮಂಜು ಮುಚ್ಚುವವರೆಗೂ, ಅವರು ಸಾಲಾಗಿ ನಿಂತೇ ಇದ್ದರು.