ಕಿಂಡಿ ತೆರೆದವರು ಯಾರು

ಫೆಬ್ರುವರಿಯ ಒಂದು ಮಧ್ಯಾಹ್ನ ಪೀಟ್ ವೀಬ್‌ನ ಗಾಜಿನ ಮನೆಯ ಚಾವಣಿ ಕಿಂಡಿಗಳು ತಾವಾಗಿಯೇ ತೆರೆದುಕೊಂಡವು. ಹೊರಗೆ ಈರಿ ಸರೋವರದ ಮೇಲಿಂದ ಕೊಯ್ಯುವಂಥ ಗಾಳಿ. ಪೀಟ್ ಊಟ ಮುಗಿಸಿ ಬರುವಷ್ಟರಲ್ಲಿ ದಪ್ಪ ಮೆಣಸಿನಕಾಯಿಯ ಎಳೆಯ ಸಸಿಗಳು ಬೇಯಿಸಿದ ಸೊಪ್ಪಿನ ಹಾಗೆ ಜೋತುಬಿದ್ದಿದ್ದವು.

ನಮ್ಮ ಲೆಮಿಂಗ್ಟನ್‌ನಲ್ಲಿ ಗಾಜಿನ ಮನೆಗಳ ನೀರು, ಬಿಸಿ, ಕಿಂಡಿ ಎಲ್ಲವನ್ನೂ ನಡೆಸುವುದು ಕಂಪ್ಯೂಟರ್. ಪೀಟ್‌ನ ತೋಟಕ್ಕೆ ಪ್ರೋಗ್ರಾಂ ಬರೆದುಕೊಟ್ಟಿದ್ದು ವಿಲ್ಮಾ ಎನ್ಸ್‌ಳ ಪುಟ್ಟ ಕಚೇರಿ. ಇಬ್ಬರೂ ಒಂದೇ ಚರ್ಚಿನಲ್ಲಿ ಬೆಳೆದವರು, ಹಾಗಾಗಿ ಫೋನಿನಲ್ಲಿ ಅವನ ಬೈಗುಳದಲ್ಲೂ ಸಲಿಗೆಯಿತ್ತು.

"ಏನೇ ವಿಲ್ಮಾ, ನಿನ್ ಕಂಪ್ಯೂಟರ್‌ಗೆ ಸೆಖೆ ಆಗ್ತಿತ್ತೇನು? ಫೆಬ್ರುವರೀಲಿ ಕಿಂಡಿ ತೆರ್ಕೊಂಡು ಕೂತಿದೆಯಲ್ಲೇ!"

ಫೋನ್ ಇಟ್ಟ ವಿಲ್ಮಾ ತನ್ನ ಇಬ್ಬರು ಕೆಲಸಗಾರರತ್ತ ನೋಡಿದಳು. ಹತ್ತಿರದ ಮೇಜಿನಲ್ಲಿ ಮೇನಾ ಕಬ್ರಾಲ್, ಮೂವತ್ತರ ಚುರುಕು ಹೆಣ್ಣು. ಗೋಡೆಯ ಮೂಲೆಯಲ್ಲಿ, ಇವರಿಗೆ ಬೆನ್ನು ಮಾಡಿ, ದನಿ ಕೆನ್‌ವಿಲ್. ವಿಲ್ಮಾ ಅವನನ್ನು ಹೆಸರು ಹಿಡಿದು ಕರೆದಳು. ಅವನು ತಿರುಗಲಿಲ್ಲ.

"ನೋಡ್ದ್ಯಾ?" ಎಂದು ಅವಳು ಮೇನಾಳಿಗೆ ಪಿಸುಗುಟ್ಟಿದಳು. "ಬೇಕೂಂತ್ಲೇ ಮಾಡ್ತಾನೆ."

ಪ್ರೋಗ್ರಾಮಿನಲ್ಲಿ ಪ್ರತಿ ಗಾಜಿನ ಮನೆಗೂ ಒಂದೊಂದು ಪ್ರತಿರೂಪವಿತ್ತು. ಒಳಗಿನ ಶಾಖ, ತೇವ, ಗಾಳಿಯ ದಿಕ್ಕು, ಇವೆಲ್ಲ ಅದರ ಗುಣಗಳು. 'ಮಿತಿ' ಅವುಗಳಲ್ಲಿ ಮುಖ್ಯವಾದದ್ದು. ಒಳಗಿನ ಶಾಖ ಆ ಮಿತಿಯನ್ನು ದಾಟಿದರೆ ಮಾತ್ರ ಕಿಂಡಿ ತೆರೆಯಬೇಕು. ಅದನ್ನು ಹೊರಗಿನ ಯಾವ ಕೋಡೂ ಮುಟ್ಟಬಾರದೆಂದು 'ಖಾಸಗಿ' ಎಂದು ಗುರುತು ಹಾಕಿದ್ದರು. ಇಪ್ಪತ್ನಾಲ್ಕು ಡಿಗ್ರಿ ಇರಬೇಕಾದ ಮಿತಿ ಆ ಮಧ್ಯಾಹ್ನ ಎಂಟಕ್ಕೆ ಇಳಿದಿತ್ತು.

ಮೇನಾ ಇಡೀ ಕೋಡಿನಲ್ಲಿ ಆ ಹೆಸರನ್ನು ಹುಡುಕಿದಳು. ಮಿತಿಯನ್ನು ಬದಲಿಸುವ ಸಾಲು ಒಂದೇ ಒಂದು ಸಿಕ್ಕಿತು. ಅದನ್ನು ಕೊನೆಯದಾಗಿ ತಿದ್ದಿದವನು ದನಿ.

ವಿಲ್ಮಾಳಿಗೆ ಅಷ್ಟು ಸಾಕಾಯಿತು. ಈ ಹಳೇ ಪ್ರೋಗ್ರಾಮನ್ನು ಬುಡದಿಂದ ಬರೆಯೋಣ ಎಂದು ಶರತ್ಕಾಲದಲ್ಲಿ ದನಿ ಹಟ ಹಿಡಿದಿದ್ದ. ಅವಳು ಒಪ್ಪಿರಲಿಲ್ಲ. "ಒಂದಿನ ಇದೇ ನಿಮ್ ಕೊರಳಿಗೆ ಸುತ್ಕೊಳ್ಳುತ್ತೆ ನೋಡ್ತಿರಿ" ಎಂದು ಅವನು ಎದ್ದು ಹೋಗಿದ್ದ. ಆಮೇಲೆ ಅವನ ರೀತಿಯೇ ಬದಲಾಯಿತು. ಫೋನ್ ಬಂದರೆ ಹೊರಗೆ ಓಡುವನು. ಯಾರಾದರೂ ಹಿಂದೆ ಬಂದು ನಿಂತರೆ ಪರದೆಯ ಮೇಲಿದ್ದುದನ್ನು ಥಟ್ಟನೆ ಮುಚ್ಚುವನು. ಊಟಕ್ಕೆ ಜೊತೆಗೆ ಕೂರುವುದನ್ನೂ ಬಿಟ್ಟಿದ್ದ.

"ಸಸಿ ಸಾಯ್ಸೋನಲ್ಲ ವಿಲ್ಮಾ ಅವ್ನು," ಎಂದಳು ಮೇನಾ. ಆ ಮಾತಿನಲ್ಲಿ ಗಟ್ಟಿತನವಿರಲಿಲ್ಲ. ಮುಚ್ಚಿದ ಪರದೆಯನ್ನು ಅವಳೂ ನೋಡಿದ್ದಳು.

"ಹಾಗಾದ್ರೆ ಸಾಬೀತು ಮಾಡು. ಅವ್ನಿಗೆ ಮಾತ್ರ ಹೇಳ್ಬೇಡ."

ಮೇನಾ ರಿಫ್ಲೆಕ್ಷನ್ ಬಳಸಿ ಒಂದು ಪುಟ್ಟ ಕಾವಲುಗಾರ ಕೋಡ್ ಬರೆದಳು. ಪ್ರೋಗ್ರಾಂ ಓಡುತ್ತಿರುವಾಗಲೇ ಅದರೊಳಗಿನ ಗಾಜಿನ ಮನೆಯ ಪ್ರತಿರೂಪದ ಹತ್ತಿರ ಹೋಗಿ, ನೀನು ಯಾವ ಜಾತಿ, ನಿನ್ನಲ್ಲಿರುವ ಗುಣಗಳ ಹೆಸರೇನು, ಈ ಕ್ಷಣ ಅವುಗಳ ಬೆಲೆಯೇನು ಎಂದು ಅದರ ಬಾಯಿಂದಲೇ ಹೊರಡಿಸುವ ವಿದ್ಯೆ ಅದು. ಖಾಸಗಿ ಎಂಬ ಬೀಗವೂ ಅದರ ಮುಂದೆ ನಿಲ್ಲದು. ಮಿತಿಯನ್ನು ಮತ್ತೆ ಇಪ್ಪತ್ನಾಲ್ಕಕ್ಕೆ ಏರಿಸಿ, ಅದು ಕದಲಿದ ಕ್ಷಣ ತನ್ನ ಪರದೆಯಲ್ಲಿ ಕೆಂಪು ಸಾಲು ಮೂಡುವಂತೆ ಮಾಡಿ ಅವಳು ಕಾಯುತ್ತ ಕುಳಿತಳು. ಒಂದು ಕಣ್ಣು ಪರದೆಯ ಮೇಲೆ, ಇನ್ನೊಂದು ದನಿಯ ಬೆನ್ನಿನ ಮೇಲೆ. ಅವನು ಕೆಮ್ಮಿದರೂ ಅವಳು ತಲೆಯೆತ್ತಿ ನೋಡುತ್ತಿದ್ದಳು.

ಮತ್ತೆ ಗಾಳಿ ಎದ್ದ ದಿನ ದನಿಗೆ ಫೋನ್ ಬಂತು. ಕೋಟು ಹಾಕಿಕೊಂಡು ಹೊರಗೆ ಹೋದ. ಮೇನಾ ಕಿಟಕಿಯಿಂದ ನೋಡುತ್ತಿದ್ದಂತೆಯೇ ಪರದೆಯಲ್ಲಿ ಕೆಂಪು ಸಾಲು ಮೂಡಿತು. ಮಿತಿ ಎಂಟು! ವಿಲ್ಮಾ ಪೀಟ್‌ಗೆ ಫೋನ್ ಮಾಡಿ ಕಿಂಡಿಗಳನ್ನು ಕೈಯಿಂದಲೇ ಮುಚ್ಚಿಸಿದಳು.

"ಅವ್ನು ಕಂಪ್ಯೂಟರ್ ಹತ್ರ ಇರ್ಲೇ ಇಲ್ಲ," ಎಂದಳು ಮೇನಾ, ಉಸಿರು ಬಿಟ್ಟು.

"ಕೈಯಲ್ಲಿ ಫೋನ್ ಇತ್ತಲ್ಲ? ಈಗಿನ ಕಾಲ್ದಲ್ಲಿ ಫೋನಿಂದ ಏನ್ ಆಗಲ್ಲ ಹೇಳು. ನಾಳೆ ಅವ್ನ ಪಾಸ್‌ವರ್ಡ್ ತೆಗೆದುಬಿಡ್ತೀನಿ. ಮಾತಾಡೋದು ಆಮೇಲೆ."

ಮೇನಾ ಮತ್ತೆ ಪರದೆಗೆ ಮರಳಿದಳು. ಈ ಸಲ ಮಿತಿಯೊಂದನ್ನೇ ಅಲ್ಲ, ಎಲ್ಲ ಗುಣಗಳನ್ನೂ ಮೊದಲು ಹೇಗಿದ್ದವು, ಆಮೇಲೆ ಹೇಗಾದವು ಎಂದು ಹೋಲಿಸಿದಳು. ಅದೇ ಕ್ಷಣದಲ್ಲಿ ಗಾಳಿಯ ದಿಕ್ಕೂ ಬದಲಾಗಿತ್ತು, ವೇಗವೂ ಬದಲಾಗಿತ್ತು. ಹವಾಮಾನ ಇಲಾಖೆಯಿಂದ ಪ್ರೋಗ್ರಾಮಿಗೆ ವರದಿ ಬಂದಿಳಿದ ಗಳಿಗೆ ಅದು. ಆ ವರದಿಯನ್ನು ತೆರೆದು ನೋಡಿದಳು. ಈ ಚಳಿಗಾಲದಿಂದ ಬಿರುಗಾಳಿಯ ದಿನಗಳಲ್ಲಿ ಮಾತ್ರ ಇಲಾಖೆಯವರು ಹೊಸದಾಗಿ ಒಂದು ಅಂಕಿ ಸೇರಿಸುತ್ತಿದ್ದರು. ಗಾಳಿಯ ಬಲ ಎಷ್ಟನೇ ಮಟ್ಟ ದಾಟಿದರೆ ಎಚ್ಚರಿಕೆ ಕೊಡಬೇಕು ಎಂಬ ಅಂಕಿ. ಅದರ ಹೆಸರೂ 'ಮಿತಿ'. ಬೆಲೆ ಎಂಟು.

ಆದರೆ ಹೊರಗಿನ ಮಿತಿ ಖಾಸಗಿ ಮಿತಿಯ ಜಾಗಕ್ಕೆ ಹೋಗಿ ಕೂತದ್ದು ಹೇಗೆ? ಅವಳು ತಾನೇ ಬರೆದ ಕಾವಲುಗಾರನನ್ನು ನೋಡಿದಳು. ಅದರಲ್ಲಿ ಎಲ್ಲಿಯೂ 'ಮಿತಿ' ಎಂಬ ಅಕ್ಷರಗಳಿರಲಿಲ್ಲ. ಗುಣಗಳ ಹೆಸರನ್ನು ಅದು ಪ್ರತಿರೂಪದಿಂದಲೇ ಕೇಳಿ ತಿಳಿಯುತ್ತಿತ್ತು. ಓದುವುದು ಹೀಗಾದರೆ, ಬರೆಯುವುದೂ ಹೀಗೆಯೇ ಆಗಬಹುದಲ್ಲ! ಹೆಸರು ಹುಡುಕಿದರೆ ಅಂಥ ಕೋಡು ಯಾವತ್ತಿಗೂ ಸಿಗುವುದಿಲ್ಲ.

ಹೆಸರಿನ ಬದಲು 'ಖಾಸಗಿ' ಬೀಗ ತೆಗೆಯುವ ಆಜ್ಞೆಯನ್ನು ಹುಡುಕಿದಳು. ಹಳೆಯ ಮೂಲೆಯೊಂದರಲ್ಲಿ ಸಿಕ್ಕಿತು. ಬಂದ ವರದಿಯ ಪ್ರತಿ ಹೆಸರನ್ನೂ ಹಿಡಿದು, ಅದೇ ಹೆಸರಿನ ಗುಣ ಗಾಜಿನ ಮನೆಯಲ್ಲಿದ್ದರೆ, ಖಾಸಗಿಯೋ ಅಲ್ಲವೋ ನೋಡದೆ ಬೆಲೆಯನ್ನು ತುಂಬುವ ಕೋಡು. ಬರೆದವಳು ವಿಲ್ಮಾ ಎನ್ಸ್. ತೋಟಗಳು ಒಂದೆರಡೇ ಇದ್ದ ಕಾಲದ್ದು; ಇನ್ನೂ ಅದರಿಂದಲೇ ನಡೆಯುತ್ತಿದ್ದುದು ಪೀಟ್‌ನ ತೋಟವೊಂದೇ.

ಮರುದಿನ ಬೆಳಿಗ್ಗೆ ಅದನ್ನು ತೋರಿಸಿದಾಗ ವಿಲ್ಮಾ ಎರಡೆರಡು ಸಲ ಓದಿದಳು. ಕಿವಿ ಕೆಂಪಾಯಿತು.

"ಆಗ ಇದು ಎಷ್ಟ್ ಚೆಂದ ಅನ್ಸಿತ್ತು ಗೊತ್ತಾ? ಒಂದೊಂದೇ ಹೆಸರು ಬರೆಯೋ ಕಷ್ಟ ಇರ್ಲಿಲ್ಲ," ಎಂದಳು. ಮತ್ತೆ, "ಅವ್ನ ಪಾಸ್‌ವರ್ಡ್ ಬೆಳಿಗ್ಗೇನೇ ತೆಗೆದೆ" ಎಂದಳು.

ದನಿ ಆಗಲೇ ಅವಳ ಬಾಗಿಲಲ್ಲಿ ನಿಂತಿದ್ದ. "ನಂಗೆ ಒಳಗೆ ಹೋಗಕ್ಕೆ ಬಿಡ್ತಿಲ್ಲ ಅದು. ಏನಾಯ್ತು?"

ವಿಲ್ಮಾ ಅವನ ಮುಖ ನೋಡಲಾರದೆ ಕಿಟಕಿಯ ಕಡೆ ತಿರುಗಿ ಎಲ್ಲವನ್ನೂ ಹೇಳಿದಳು: ಸಸಿಗಳು, ಅನುಮಾನ, ಕಾವಲು, ತನ್ನದೇ ತಪ್ಪು. ಹೇಳಿ ಮುಗಿಸಿ ಕ್ಷಮೆ ಕೇಳಿದಳು. ಅಷ್ಟು ಹೊತ್ತೂ ದನಿಯ ಕಣ್ಣು ವಿಲ್ಮಾಳ ಬೆನ್ನಿನಿಂದ ಮೇನಾಳ ತುಟಿಗಳಿಗೆ ಹರಿದಾಡುತ್ತಿದ್ದುದನ್ನು ಮೇನಾ ಗಮನಿಸಿದಳು.

"ದನಿ," ಎಂದಳು ಅವಳು ಅವನಿಗೆ ನೇರವಾಗಿ ನಿಂತು. "ಅವ್ರು ಹೇಳಿದ್ದು ಕೇಳಿಸ್ತಾ ನಿಂಗೆ?"

ಅವನು ಕುರ್ಚಿ ಎಳೆದು ಕೂತ. "ಆ ಕಡೆ ತಿರುಗಿ ಮಾತಾಡಿದ್ರೆ ಕೇಳಿಸಲ್ಲ. ಬೇಸಗೆಯಿಂದ ಹೀಗೇ. ಎರಡೂ ಕಿವಿ ಹೋಗ್ತಿದೆ." ಮುಚ್ಚುತ್ತಿದ್ದ ಪರದೆಯಲ್ಲಿ ಇದ್ದುದು ಆಡಿದ ಮಾತನ್ನು ಅಕ್ಷರವಾಗಿ ತೋರಿಸುವ ಪ್ರೋಗ್ರಾಂ. ಫೋನುಗಳು ವಿಂಡ್ಸರ್ ಪಟ್ಟಣದ ಕಿವಿ ಡಾಕ್ಟರಿಂದ; ಕಿವಿಗೆ ಒತ್ತಿಕೊಂಡು ಜೋರಾಗಿ ಮಾತಾಡಬೇಕಾಗುತ್ತಿದ್ದರಿಂದ ಹೊರಗೆ ಓಡುತ್ತಿದ್ದ.

"ಹೇಳ್ಬೋದಿತ್ತಲ್ಲೋ!" ಎಂದಳು ವಿಲ್ಮಾ, ಈಗ ಅವನ ಕಡೆ ತಿರುಗಿ.

"ಹೇಳಿದ್ರೆ ಕಿವುಡನ್ನ ಇಟ್ಕೊಂಡು ಏನ್ ಮಾಡೋದು ಅಂತೀರೇನೋ ಅಂತ. ನೀವು ನನ್ಮೇಲೆ ಕಣ್ಣಿಟ್ಟಿದ್ದು ನಂಗೂ ಗೊತ್ತಾಗಿತ್ತು. ತೆಗೆದುಹಾಕಕ್ಕೆ ನೆಪ ಹುಡುಕ್ತಿದೀರಿ ಅಂದ್ಕೊಂಡಿದ್ದೆ."

ವಿಲ್ಮಾ ಅವನ ಮುಖ ನೋಡಿಕೊಂಡು ಎಲ್ಲವನ್ನೂ ಮತ್ತೊಮ್ಮೆ ಹೇಳಿ ಕ್ಷಮೆ ಕೇಳಿದಳು. ಪಾಸ್‌ವರ್ಡ್ ಮರಳಿ ಬಂತು. ವಿಲ್ಮಾಳ ಹಳೇ ಕೋಡನ್ನು ದನಿಯೇ ಕಿತ್ತುಹಾಕಿ, ಯಾವ ಹೆಸರು ಎಲ್ಲಿಗೆ ಹೋಗಬೇಕೆಂದು ಒಂದೊಂದಾಗಿ ಬರೆದ. ವಿಲ್ಮಾ ಅವನ ಮೇಜನ್ನು ತಾನೇ ತಳ್ಳಿ ಎಲ್ಲರಿಗೂ ಮುಖ ಕಾಣುವ ಹಾಗೆ ತಿರುಗಿಸಿದಳು. ಅವನು ಊಟಕ್ಕೂ ಬಂದು ಕೂರತೊಡಗಿದ.

ಮಾರ್ಚ್ ತಿಂಗಳ ಒಂದು ದಿನ ವಿಲ್ಮಾ ಮನೆಯಿಂದ ಬೋರ್ಷ್ಟ್ ಸಾರು ತಂದಿದ್ದಳು. ದನಿ ಬ್ರೆಡ್ಡಿಗೆ ಬೆಣ್ಣೆ ಹಚ್ಚುತ್ತಿದ್ದ. ಒಲೆಯ ಹತ್ತಿರ ನಿಂತಿದ್ದ ವಿಲ್ಮಾ ಮೆಲ್ಲಗೆ ಮೇನಾಳಿಗೆ ಏನೋ ಹೇಳಿದಳು. ಮೇನಾ ಬಟ್ಟಲು ತರಲು ಮೇಜಿನ ಬಳಿ ಬಂದಾಗ ದನಿಯ ತಟ್ಟೆಯ ಪಕ್ಕದಲ್ಲಿ ಫೋನ್ ಬೆಳಗುತ್ತಿತ್ತು. ಅದರ ಮೇಲೆ ವಿಲ್ಮಾಳ ಮಾತು ಅಕ್ಷರ ಅಕ್ಷರವಾಗಿ ಬಂದಿತ್ತು: ಉಪ್ಪು ಸ್ವಲ್ಪ ಜಾಸ್ತಿಯಾಯ್ತು, ಅವನಿಗೆ ಹೇಳಬೇಡ.

ದನಿ ಮೇನಾಳನ್ನು ನೋಡಿದ. ಪರದೆಯನ್ನು ಮುಚ್ಚಲಿಲ್ಲ.

"ಸಾರು ಚೆನ್ನಾಗಿದೆ ಅಂತ ಹೇಳು ಅವ್ರಿಗೆ," ಎಂದ.